ಅವಲಪಲ್ಲಿಯ ಮೂಗರ್ಜಿ

ನೋಟೀಸು ಅಂಟಿಸಿದವನು ಗೋಂದಿನಲ್ಲಿ ಜಿಪುಣತನ ಮಾಡಿರಲಿಲ್ಲ. ಹೊಸ ಹೊನ್ನೆಮರದ ಬಾಗಿಲು. ವಾರ್ನಿಷ್ ವಾಸನೆ ಇನ್ನೂ ಹೋಗಿಲ್ಲ. ಅದರ ನಟ್ಟನಡುವೆ, ನಾಲ್ಕೂ ಮೂಲೆಗೆ ಧಾರಾಳವಾಗಿ ಬಳಿದು, ಅಂಗೈಯಲ್ಲಿ ತೀಡಿ ಅಂಟಿಸಿ ಹೋಗಿದ್ದ.

"ಕಿತ್ರೆ ಬಣ್ಣಾನೂ ಕಿತ್ಕೊಂಡು ಬತ್ತದೆ ಸಾ," ಅಂದ ರಾಮಾಂಜಿನಪ್ಪ. ಬೆಳಿಗ್ಗೆ ಗೋಡೆಗೆ ನೀರು ಹಾಕಲು ಬಂದವನು ಇದನ್ನು ಕಂಡು, ಫ್ಯಾಕ್ಟರಿಗೂ ಹೋಗದೆ, ಸೈಕಲ್ ತುಳಿದುಕೊಂಡು ಹೋಗಿ ವೆಂಕಟೇಶಪ್ಪನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬಂದಿದ್ದ.

ವೆಂಕಟೇಶಪ್ಪ ಕನ್ನಡಕ ಏರಿಸಿ ಓದಿದ. ಅವಲಪಲ್ಲಿ ತಮಿಳುನಾಡಿಗೆ ಸೇರಿದ ಊರು; ನೋಟೀಸು ತಮಿಳಿನಲ್ಲಿತ್ತು. ಅನುಮತಿ ಪಡೆದ ನಕ್ಷೆಯನ್ನು ಮೀರಿ, ಪಕ್ಕದಲ್ಲಿ ಬಿಡಬೇಕಾದ ಖಾಲಿ ಜಾಗದಲ್ಲಿ ಗೋಡೆ ಎಬ್ಬಿಸಿದ್ದೀರಿ ಎಂದು ದೂರು ಬಂದಿದೆ; ಕೆಲಸ ತಕ್ಷಣ ನಿಲ್ಲಿಸತಕ್ಕದ್ದು; ಹದಿನೈದು ದಿನದೊಳಗೆ ಸಮಜಾಯಿಷಿ ಕೊಡದಿದ್ದರೆ ಗೋಡೆಯನ್ನು ಕೆಡವಲಾಗುವುದು.

"ಆ ಗೋಡೆ ಮ್ಯಾಲೇನೇ ಸಾ ಮೋಲ್ಡಿಂಗು ಕೂತಿರಾದು. ಗೋಡೆ ಹೋದ್ರೆ ತಾರಸಿ ಹೋಯ್ತು. ತಾರಸಿ ಹೋದ್ರೆ ನಾವೂ ಹೋದಂಗೇ! ಶ್ರಾವಣಕ್ಕೆ ಗೃಹಪ್ರವೇಶ ಅಂತ ಊರಿಗೆಲ್ಲಾ ಹೇಳ್ಬುಟ್ಟಿವ್ನಿ."

"ದೂರು ಕೊಟ್ಟೋರು ಯಾರು?"

"ಅದನ್ನ ಕಂಡುಹಿಡೀಲಿ ಅಂತಲೇ ತಾನೆ ನಿಮ್ಮನ್ನ ಕರ್ಕೊಂಡು ಬಂದಿರಾದು?"

ಇದು ಎಂಬತ್ತನಾಲ್ಕನೇ ಇಸವಿಯ ಆಷಾಢದ ಮಾತು. ವೆಂಕಟೇಶಪ್ಪ ಪತ್ತೇದಾರನೇನಲ್ಲ. ಸರ್ವೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸರಪಳಿ ಎಳೆದವನು. ಗುಮ್ಮಳಾಪುರದ ಗಡಿಕಲ್ಲಿನಿಂದ ನಾಟ್ರಾಂಪಾಳ್ಯದ ಕಾಡಂಚಿನವರೆಗೆ ಅವನು ಅಳೆಯದ ಹೊಲವಿಲ್ಲ. ನಿವೃತ್ತನಾದ ಮೇಲೆ ಹೊಸೂರಿನ ಒಂದು ಸೈಕಲ್ ಶಾಪಿನ ಹಿಂದಿನ ಒಂಟಿ ಕೋಣೆಯಲ್ಲಿ ತಾನೇ ಬೇಯಿಸಿಕೊಂಡು ತಿನ್ನುತ್ತಿದ್ದ. ಹೆಂಡತಿ ಹೋಗಿ ಒಂಬತ್ತು ವರ್ಷ. ಮಾತಿಗೆ ಯಾರೂ ಇಲ್ಲದವನಿಗೆ ಊರವರ ಜಗಳಗಳೇ ನೆಂಟರು. ಬೇಲಿ ಸರಿದಿದೆ ಬಾರಪ್ಪ, ಕಲ್ಲು ಕಿತ್ತಿದ್ದಾರೆ ಬಾರಪ್ಪ ಅಂತ ಯಾರಾದರೂ ಕರೆದರೆ ಸಾಕು, ಟೇಪು ಹಿಡಿದು ಹೊರಟುಬಿಡುವನು. ಸತ್ಯ ಹೇಳಬೇಕೆಂದರೆ, ಯಾರೂ ಕರೆಯದ ವಾರ ಅವನಿಗೆ ಊಟವೇ ಸೇರುತ್ತಿರಲಿಲ್ಲ.

ಮನೆಯ ಮುಂದೆ ಮರಳಿನ ಗುಡ್ಡೆಯ ಮೇಲೆ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬಳು ರಾಮಾಂಜಿನಪ್ಪನ ಹೆಂಡತಿ ಚೆನ್ನಮ್ಮ. ಇನ್ನೊಬ್ಬಳು ಕೊಂಡಮ್ಮ, ಮಾಲೂರು ಕಡೆಯಿಂದ ಬಂದ ಈ ದಂಪತಿ ಪೇಟೆಯಲ್ಲಿ ಆರು ವರ್ಷದಿಂದ ಬಾಡಿಗೆಗಿದ್ದ ಮನೆಯ ಒಡತಿ. ಅದೇ ಮನೆಯ ಇನ್ನೊಂದು ಭಾಗದಲ್ಲಿ ತಾನಿದ್ದುಕೊಂಡು ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುತ್ತಿದ್ದಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮಧ್ಯಾಹ್ನ ವ್ಯಾಪಾರ ಬಿಡುವಾದಾಗ ಪೇಟೆಯಿಂದ ಅವಲಪಲ್ಲಿಯವರೆಗೂ ನಡೆದು ಬಂದು ಕೆಲಸದವರಿಗೆಲ್ಲ ಕಾಫಿ ಕೊಟ್ಟು ಹೋಗುವಳು. ಇವತ್ತು ಸುದ್ದಿ ಕೇಳಿ ಬೆಳಿಗ್ಗೆಯೇ ಬಂದಿದ್ದಳು.

"ಬೇರೇರಾಗಿದ್ರೆ ಬಾಡಿಗೆಯೋರು ಹೋಗ್ತಾರೆ ಅಂತ ಮುಖ ಊದಿಸ್ಕೊಳ್ಳೋರು. ನಮ್ಮ ಕೊಂಡಕ್ಕ ಹಂಗಲ್ಲ," ಅಂದಳು ಚೆನ್ನಮ್ಮ.

ಕೊಂಡಮ್ಮ ವೆಂಕಟೇಶಪ್ಪನ ಕೈಗೆ ಕಾಫಿ ಲೋಟ ಕೊಟ್ಟು, "ಮಳೆಗಾಲ ಕಳೀಲಿ ಬಿಡಣ್ಣ. ಎಲ್ಡು ತಿಂಗ್ಳು ತಡ ಆದ್ರೆ ಮನೆ ಎಲ್ಲಿಗೋಯ್ತದೆ?" ಅಂದಳು.

ಮಾರನೆಯ ದಿನ ವೆಂಕಟೇಶಪ್ಪ ಕಟ್ಟಡದ ಪರವಾನಗಿ ಕೊಡುವ ಆಫೀಸಿಗೆ ಹೋದ. ಓವರ್‌ಸೀಯರು ಸೇಲಂ ಕಡೆಯವನು, ಒಳ್ಳೆಯವನು. ತಮಿಳಿನಲ್ಲೇ ಮಾತಾಡಿ, ಫೈಲಿನಿಂದ ಒಂದು ಹಾಳೆ ತೆಗೆದು ತೋರಿಸಿದ. ಹೆಸರಿಲ್ಲ. ಸಹಿಯಿಲ್ಲ. ಮೂಗರ್ಜಿ.

'ಪಕ್ಕದ ಖಾಲಿ ಜಾಗಕ್ಕೆ ಮೂರು ಅಡಿ ಮುಂದೆ ಬಂದು ಹದಿನೆಂಟು ಅಡಿ ಉದ್ದದ ಗೋಡೆ ಎಬ್ಬಿಸಿದ್ದಾರೆ. ಅಯ್ಯಾ ಅವರು ದಯಮಾಡಿ ಕೆಲಸವನ್ನು ನಿಲ್ಲಿಸಿ ಇಡಬೇಕು.' ಅಷ್ಟೇ.

ಅಕ್ಷರ ನೋಡಿದ ಕೂಡಲೇ ಗೊತ್ತಾಯಿತು. ತಾಲ್ಲೂಕು ಆಫೀಸಿನ ಹುಣಸೆಮರದ ಕೆಳಗೆ ಕೂತು ಅರ್ಜಿ ಬರೆಯುವವನ ಕೈಬರಹ ಅದು. ಅಲ್ಲಿಗೂ ಹೋದ.

"ಇದನ್ನ ಯಾರಪ್ಪಾ ಬರೆಸಿದ್ದು?"

"ದಿನಕ್ಕೆ ನಲ್ವತ್ತು ಅರ್ಜಿ ಬರೀತೀನಿ. ಎಲ್ಲಾರ ಮುಖ ನೋಡ್ತಾ ಕೂತ್ರೆ ಹೊಟ್ಟೆಗೇನು ಮಾಡ್ಲಿ?" ಅಂದ ಆ ಮಹಾರಾಯ, ತಲೆ ಎತ್ತದೆ. "ಅವ್ರು ಬಾಯಿಗೆ ಬಂದಂಗೆ ಹೇಳ್ತಾರೆ. ನಾನು ಆಫೀಸ್ ಲೆಕ್ಕಕ್ಕೆ ತಿರುಗಿಸಿ ಬರೀತೀನಿ. ನನ್ನ ಕೆಲ್ಸ ಅಷ್ಟೆ."

ಸರಿ, ಗೋಡೆಯನ್ನೇ ಕೇಳೋಣ ಅಂತ ವೆಂಕಟೇಶಪ್ಪ ಅವಲಪಲ್ಲಿಗೆ ಹೋಗಿ ಟೇಪು ಬಿಚ್ಚಿದ. ಗೋಡೆಯ ಉದ್ದ ಹದಿನೈದು ಅಡಿ. ಮುಂದೆ ಬಂದದ್ದು ಎರಡೂವರೆ ಅಡಿ.

"ನೋಡಿದ್ರಾ ಸಾ!" ರಾಮಾಂಜಿನಪ್ಪ ಕುಣಿದಾಡಿದ. "ಎರಡೂವರೆನ ಮೂರು ಮಾಡವ್ನೆ. ಹದಿನೈದನ್ನ ಹದಿನೆಂಟು ಮಾಡವ್ನೆ. ಹಸಿ ಸುಳ್ಳು! ಇದು ಪಕ್ಕದ ಆ ಪಾಪಣ್ಣನ್ದೇ ಕೆಲ್ಸ!"

"ಅದಿರ್ಲಿ. ಎರಡೂವರೆ ಅಡಿ ನೀನು ಮುಂದೆ ಬಂದಿರೋದು ನಿಜಾನೋ, ಸುಳ್ಳೋ?"

ರಾಮಾಂಜಿನಪ್ಪ ಕತ್ತು ಕೆರೆದುಕೊಂಡ. "ನಿಜವೇ ಸಾ."

"ಯಾಕಪ್ಪಾ ಬಂದೆ?"

"ಅವಳ್ನ ಕೇಳಿ."

ಚೆನ್ನಮ್ಮ ಹಿತ್ತಲಿನ ಕಡೆ ಒಮ್ಮೆ ನೋಡಿದಳು. ಅಲ್ಲಿ ಕೊಂಡಮ್ಮ ಲೋಟ ತೊಳೆಯುತ್ತಿದ್ದಳು. "ಸಾಮಾನು ಇಡಕ್ಕೆ ಜಾಗ ಸಾಲ್ದು ಅಂತ..." ಅಂದಳು ದನಿ ತಗ್ಗಿಸಿ. ಮುಂದೆ ಎಷ್ಟು ಕೆದಕಿದರೂ ಬಾಯಿ ಬಿಡಲಿಲ್ಲ.

ಗಾರೆ ಮೇಸ್ತ್ರಿ ಚಿನ್ನಸ್ವಾಮಿಗೂ ರಾಮಾಂಜಿನಪ್ಪನಿಗೂ ತಾರಸಿ ಹಾಕಿದ ದಿನವೇ ಜಗಳವಾಗಿ, ಅವನು ಕೆಲಸ ಬಿಟ್ಟು ಹೋಗಿದ್ದ. ಅವನಿಗೂ ಹೊಟ್ಟೆಯುರಿ ಇರಬಹುದಲ್ಲ? ವೆಂಕಟೇಶಪ್ಪ ಅವನನ್ನು ಇನ್ನೊಂದು ಕಟ್ಟಡದ ಬಿದಿರಿನ ಸಾರುವೆಯ ಮೇಲೆ ಹಿಡಿದ.

"ನಾನ್ಯಾಕೆ ಬರೀಲಿ ಸಾಮಿ? ಆ ಗೋಡೆ ಎಬ್ಬಿಸಿದೋನು ನಾನೇ. ಅರ್ಜಿ ಹಾಕಿದ್ರೆ ನನ್ ಕಾಲ್ ಮ್ಯಾಲೆ ನಾನೇ ಕಲ್ಲು ಹಾಕ್ಕೊಂಡಂಗೆ. ಪ್ಲಾನಲ್ಲಿ ಆರಡಿ ಕೋಣೆ. ಚೆನ್ನಮ್ಮನೋರು ಬಂದು ಎಂಟೂವರೆ ಮಾಡಿ, ಮಂಚ ಹಿಡಿಸಲ್ಲ ಅಂದ್ರು. ಮಾಡ್ದೆ."

"ಮಂಚ? ಸಾಮಾನಿನ ಕೋಣೆಗೆ ಮಂಚ ಯಾಕೆ?"

"ಅದನ್ನ ಕೇಳೋಕೆ ನಾನೇನು ಅವ್ರ ನೆಂಟನಾ? ನಾನು ಮೇಸ್ತ್ರಿ. ಟೇಪ್ ಹಿಡಿದೆ, ಕಟ್ದೆ."

ಪಾಪಣ್ಣ ಪಕ್ಕದ ಜಮೀನಿನವನು. ತಲೆತಲಾಂತರದಿಂದ ಅಲ್ಲಿಯೇ ರಾಗಿ ಬೆಳೆದವರ ಮನೆತನ. ಆ ಸೈಟು ತನಗೇ ಬೇಕೆಂದು ಓಡಾಡಿದ್ದವನು. ಆಳು ಆರಡಿ, ಗಂಟಲು ಅದಕ್ಕಿಂತ ಉದ್ದ.

"ಮೂಗರ್ಜೀನಾ? ನಾನಾ? ಏನ್ ಸಾಮಿ, ನನ್ ಬಾಯಿ ಬಿದ್ದೋಗೈತಾ? ಬೈಬೇಕು ಅಂದ್ರೆ ಅವನ ಬಾಗ್ಲಲ್ಲೇ ನಿಂತ್ಕೊಂಡು ಬೈತೀನಿ. ಬೈದೂ ಇವ್ನಿ, ಕೇಳಿ ಬೇಕಾದ್ರೆ!"

ಕೇಳುವ ಅಗತ್ಯವಿರಲಿಲ್ಲ. ಅವನು ಈಗ ಮಾತಾಡಿದ್ದೇ ಮೂರು ಹೊಲದಾಚೆಗೆ ಕೇಳಿಸಿತ್ತು.

ಅಷ್ಟರಲ್ಲಿ ಎರಡನೆಯ ಮೂಗರ್ಜಿ ಬಂತು. ಅದೇ ಹಾಳೆ, ಅದೇ ಕೈಬರಹ. 'ಕಕ್ಕಸಿನ ಗುಂಡಿಯನ್ನು ಪಕ್ಕದವರ ಬಾವಿಗೆ ಹನ್ನೆರಡೇ ಅಡಿ ದೂರದಲ್ಲಿ ತೋಡಿದ್ದಾರೆ. ಅಯ್ಯಾ ಅವರು ದಯಮಾಡಿ ಕೆಲಸವನ್ನು ನಿಲ್ಲಿಸಿ ಇಡಬೇಕು.'

ಓವರ್‌ಸೀಯರು ಪೆನ್ನು ಕೆಳಗಿಟ್ಟ. "ನೋಡಿ, ಗೋಡೆ ಎರಡೂವರೆ ಅಡಿ ಅಂದರೆ ದಾರಿ ಇದೆ. ತಿದ್ದಿದ ನಕ್ಷೆ ಕೊಡಲಿ, ದಂಡ ಕಟ್ಟಲಿ, ನಾನು ಮೇಲಕ್ಕೆ ಬರೆಯುತ್ತೇನೆ. ಗುಂಡಿ ಮುಚ್ಚಿ ಬೇರೆ ಕಡೆ ತೋಡಲಿ. ಆದರೆ ಅರ್ಜಿಯ ಮೇಲೆ ಅರ್ಜಿ ಬರುತ್ತಿದ್ದರೆ ಯಾರು ಸಹಿ ಹಾಕುತ್ತಾರೆ? ಬರೆದವರೇ ಬಂದು ತಕರಾರಿಲ್ಲ ಅಂತ ಬರೆದುಕೊಡಬೇಕು. ಇನ್ನು ಐದು ದಿನ. ಆಮೇಲೆ ನನ್ನ ಕೈಯಲ್ಲಿಲ್ಲ."

ಬಾವಿ ಪಾಪಣ್ಣನದು. ಇನ್ನೇನು ಬೇಕು? ರಾಮಾಂಜಿನಪ್ಪ ಹಾರೆ ಹಿಡಿದು ಹೊರಟೇಬಿಟ್ಟ. ಚೆನ್ನಮ್ಮ ಅಡ್ಡ ಬಿದ್ದು ತಡೆದಳು.

"ಒಂದು ದಿನ ಕೊಡು," ಅಂದ ವೆಂಕಟೇಶಪ್ಪ. "ಒಂದೇ ದಿನ."

ಗುಂಡಿಯಿಂದ ಬಾವಿಗೆ ಟೇಪು ಹಿಡಿದ. ಹತ್ತು ಅಡಿ. ಇನ್ನೊಮ್ಮೆ ಹಿಡಿದ. ಹತ್ತೇ.

ಹನ್ನೆರಡು ಅಂತ ಬರೆದಿದ್ದಾರೆ, ಇರುವುದು ಹತ್ತು! ದ್ವೇಷ ಇರುವವನು ಹತ್ತನ್ನು ಎಂಟು ಅನ್ನುತ್ತಾನೆ, ಆರು ಅನ್ನುತ್ತಾನೆ. ಹನ್ನೆರಡು ಅಂತ ಬರೆದು ತಪ್ಪನ್ನು ತಾನೇ ಕಡಿಮೆ ಮಾಡುತ್ತಾನೆಯೇ?

ಕೋಣೆಗೆ ಬಂದು ಸ್ಟೋವ್ ಹೊತ್ತಿಸದೆ ಕೂತ. ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡ: ಹದಿನೈದು ಹದಿನೆಂಟಾಗಿದೆ. ಎರಡೂವರೆ ಮೂರಾಗಿದೆ. ಹತ್ತು ಹನ್ನೆರಡಾಗಿದೆ. ಮೂರೂ ಒಂದೇ ಪ್ರಮಾಣದಲ್ಲಿ ಉಬ್ಬಿವೆ. ಸುಳ್ಳು ಹೀಗೆ ಲೆಕ್ಕ ಇಟ್ಟುಕೊಂಡು ಉಬ್ಬುವುದಿಲ್ಲ. ಹಾಗಾದರೆ ಅಳೆದವರು ಪ್ರಾಮಾಣಿಕವಾಗಿ ಅಳೆದಿದ್ದಾರೆ. ಅಳತೆಗೋಲೇ ಗಿಡ್ಡ! ಯಾವ ಅಳತೆಗೋಲು? ಯಾರದು?

ಸಂಜೆ ಹಾಲು ತರಲು ಬಸ್ ಸ್ಟ್ಯಾಂಡಿನ ಕಡೆ ಹೋದ. ಅಲ್ಲಿ ಯಾರೋ ಒಬ್ಬ ಹೆಂಗಸು ಹೂವಿನವಳ ಜೊತೆ ಜೋರು ಜಗಳಕ್ಕಿಳಿದಿದ್ದಳು.

"ಇದೇನಮ್ಮಾ, ಮೊಳಾನಾ, ಗೇಣಾ? ಮಡಚಿದ ಬೆರಳಿಗೇ ನಿಲ್ಸಿಬಿಟ್ಯಲ್ಲ! ಪೂರ್ತಿ ಅಳಿ!"

ವೆಂಕಟೇಶಪ್ಪ ಹಾಲಿನ ಚೊಂಬು ಹಿಡಿದು ನಿಂತಲ್ಲೇ ನಿಂತುಬಿಟ್ಟ. ಆಮೇಲೆ ನಾಲ್ಕು ಬುಟ್ಟಿ ದಾಟಿ ಕೊಂಡಮ್ಮನ ಬುಟ್ಟಿಯ ಮುಂದೆ ಹೋಗಿ ನಿಂತ.

"ಒಂದು ಮೊಳ ಕನಕಾಂಬರ ಕೊಡಮ್ಮ."

ಕೊಂಡಮ್ಮ ಅಚ್ಚರಿಯಿಂದ ನೋಡಿದಳು. "ಯಾರಿಗಣ್ಣ ಹೂವು?"

"ಫೋಟೋಗೆ."

ಅವಳು ಮೊಣಕೈಯಿಂದ ಹಿಡಿದು ಅಳೆದು, ಹರಿದು, ಎಲೆಯಲ್ಲಿ ಸುತ್ತಿ ಕೊಟ್ಟಳು. ಕೋಣೆಯಲ್ಲಿ ಅದನ್ನು ನೆಲದ ಮೇಲೆ ಚಾಚಿ ಪಕ್ಕದಲ್ಲಿ ಟೇಪು ಇಟ್ಟ. ಹದಿನೈದು ಅಂಗುಲ. ಆಮೇಲೆ ನಿಜವಾಗಿಯೂ ಅದನ್ನು ಹೆಂಡತಿಯ ಫೋಟೋಗೇ ಹಾಕಿದ. ಒಂಬತ್ತು ವರ್ಷದಲ್ಲಿ ಮೊದಲನೆಯ ಸಲ.

ಮಾರನೆಯ ದಿನ ಪೇಟೆಯ ಮನೆಯ ಜಗುಲಿಯಲ್ಲಿ ಎಲ್ಲರನ್ನೂ ಕೂರಿಸಿದ. ಕೊಂಡಮ್ಮನೊಬ್ಬಳ ಜೊತೆ ಗುಟ್ಟಾಗಿ ಮಾತಾಡುವ ಆಸೆ ಅವನಿಗಿತ್ತು. ಆದರೆ ಹಾರೆ ಹಿಡಿದವನ ಎದುರಿಗೆ ಪಾಪಣ್ಣನ ಹೆಸರು ಚೊಕ್ಕವಾಗಬೇಕಿತ್ತು.

"ಪಾಪಣ್ಣ, ಎಲ್ಲಿ ಕೈ ಚಾಚು." ಮೊಣಕೈಯಿಂದ ಬೆರಳ ತುದಿಗೆ ಟೇಪು ಹಿಡಿದ. "ಹತ್ತೊಂಬತ್ತೂವರೆ ಅಂಗುಲ. ಇವನ ಮೊಳದಲ್ಲಿ ಅಳೆದಿದ್ರೆ ಗೋಡೆ ಗಿಡ್ಡ ಆಗ್ತಿತ್ತು, ಉದ್ದ ಆಗ್ತಿರ್ಲಿಲ್ಲ."

"ಮೊಳ ಯಾಕೆ ಸಾ ಬಂತು ಮಧ್ಯೆ? ಅರ್ಜೀಲಿ ಅಡಿ ಅಂತಲ್ವಾ ಇರಾದು?"

"ಅಲ್ಲೇ ನಾವೆಲ್ಲ ಎಡವಿದ್ದು. ಬರೆಸಿದೋರು ಮೊಳದಲ್ಲಿ ಹೇಳಿದ್ರು. ಅರ್ಜಿಯೋನು ಒಂದು ಮೊಳಕ್ಕೆ ಒಂದೂವರೆ ಅಡಿ ಅಂತ ಆಫೀಸ್ ಲೆಕ್ಕಕ್ಕೆ ತಿರುಗಿಸ್ದ. ಹನ್ನೆರಡು ಮೊಳ ಹದಿನೆಂಟು ಅಡಿ ಆಯ್ತು. ಎರಡು ಮೊಳ ಮೂರಡಿ. ಎಂಟು ಮೊಳ ಹನ್ನೆರಡಡಿ. ಆದ್ರೆ ಅಳೆದ ಮೊಳ ಹದಿನೆಂಟು ಅಂಗುಲದ್ದಲ್ಲ, ಹದಿನೈದರದ್ದು. ಹದಿನೈದರ ಲೆಕ್ಕದಲ್ಲಿ ಗುಣಿಸಿ ನೋಡು! ಮೂರೂ ನನ್ನ ಟೇಪಿಗೆ ಕೂದಲೆಳೆ ತಪ್ಪದಂಗೆ ಕೂರ್ತವೆ."

"ಯಾರ್ದು ಸಾ ಅಂಥಾ ಮೊಳ?"

ವೆಂಕಟೇಶಪ್ಪ ಟೇಪು ಸುತ್ತಿದ. "ಮನೇಲಿ ಹೆಂಗಸು ಇದ್ದಿದ್ರೆ ನಂಗೆ ಮೊದಲ್ನೇ ದಿನವೇ ಹೊಳೀತಿತ್ತು," ಅಂದ. "ಒಂಬತ್ತು ವರ್ಷದಿಂದ ನಾನು ಹೂವು ಕೊಂಡೇ ಇಲ್ಲ. ಹೂವಿನೋರ ಮೊಳ ಎಷ್ಟು ಗಿಡ್ಡ ಅಂತ ಮರ್ತೇ ಹೋಗಿದ್ದೆ."

ಚೆನ್ನಮ್ಮ ಮೆಲ್ಲಗೆ ಪಕ್ಕಕ್ಕೆ ತಿರುಗಿದಳು.

"ಇನ್ನೊಂದು ಮಾತು. ಎರಡು ಅರ್ಜಿಯಲ್ಲೂ 'ಕೆಲಸ ನಿಲ್ಲಿಸಿ' ಅಂತ ಇದೆ. 'ಕೆಡವಿ' ಅಂತ ಒಂದು ಕಡೇನೂ ಇಲ್ಲ. ಕೆಡವೋ ಮಾತು ಸೇರಿಸಿದ್ದು ಆಫೀಸು. ಬರೆಸಿದೋರಿಗೆ ಈ ಮನೆ ಬೀಳೋದು ಬೇಕಿರ್ಲಿಲ್ಲ. ಮುಗೀದೇ ಇರೋದು ಬೇಕಿತ್ತು." ಅವನು ಕೊಂಡಮ್ಮನ ಮುಖ ನೋಡಲಾರದೆ ಅವಳ ಕೈ ನೋಡಿದ. "ಅಲ್ವೇನಮ್ಮ ಕೊಂಡಮ್ಮ?"

"ಏಯ್!" ಅಂತ ರಾಮಾಂಜಿನಪ್ಪ ಎದ್ದು ನಿಂತ. "ಏನ್ ಮಾತಾಡ್ತಾ ಇದೀರಾ ಸಾ? ಕೊಂಡಕ್ಕನಾ?"

"ನಾನೇ ಕಣಪ್ಪ," ಅಂದಳು ಕೊಂಡಮ್ಮ.

ಅವಳು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡಳು.

"ಆರು ವರ್ಸದಿಂದ ನಿಮ್ಮ ಪಾತ್ರೆ ಸದ್ದು ಕೇಳ್ಕಂಡೇ ಎದ್ದೋಳು ನಾನು. ನೀನು ಫ್ಯಾಕ್ಟ್ರಿಗೆ ಹೊಂಡೋವಾಗ ಚೆನ್ನಿ ನಿನ್ನ ಬೈಯ್ಯೋದು, ನೀನು ನಗೋದು, ಎಲ್ಲಾ ಗೋಡೆ ಆಚೆಯಿಂದ ಕೇಳ್ತಿತ್ತು. ಅವ್ಳು ಒಗ್ಗರಣೆ ಹಾಕಿದ್ರೆ ನಂಗೆ ಸೀನು ಬತ್ತಿತ್ತು. ಹೋಗ್ಬುಡ್ತಾರಲ್ಲಾ ಅಂತ ದಿಗಿಲಾಯ್ತು. ಒಂದು ಮಳೆಗಾಲ ನಿಂತ್ರೆ ಸಾಕು, ಆಮ್ಯಾಕೆ ಹೆಂಗೋ ತಡ್ಕೊಂತೀನಿ ಅನ್ಕೊಂಡೆ. ಕೆಡವ್ತಾರೆ ಅಂತ ನಂಗೊತ್ತಿರ್ಲಿಲ್ಲ. ಆಣೆಗೂ ಗೊತ್ತಿರ್ಲಿಲ್ಲ."

"ಗೊತ್ತಾದ ಮ್ಯಾಲೂ ಎರಡ್ನೇದು ಹಾಕ್ಸಿದ್ಯಲ್ಲ?" ಅಂದಳು ಚೆನ್ನಮ್ಮ.

"ಗೋಡೆ ಬಿಟ್ಟು ಗುಂಡಿ ಕಡೆ ನೋಡ್ಲಿ ಅಂತ ಹಾಕಿಸ್ದೆ ಕಣೆ. ನನ್ ಬುದ್ಧಿಗೆ ಅಷ್ಟೇ ತೋಚಿದ್ದು."

"ಆ ಗೋಡೆ ಯಾಕೆ ಮುಂದಕ್ಕೆ ಬಂತು ಗೊತ್ತಾ ನಿಂಗೆ?" ಚೆನ್ನಮ್ಮ ಕೂಗಿಯೇ ಬಿಟ್ಟಳು. "ಪ್ಲಾನಲ್ಲಿದ್ದ ಕೋಣೇಲಿ ನಿನ್ ಮಂಚ ಹಿಡಿಸ್ತಿರ್ಲಿಲ್ಲ! ನಿಂಗೇ ಅಂತ ಕಟ್ಟಿಸಿದ ಕೋಣೆ ಕಣೇ ಅದು! ಗೃಹಪ್ರವೇಶದ ದಿನ ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಹೋಗಾಣ, ಅಲ್ಲೀಗಂಟ ಬಾಯಿ ಬಿಡಬ್ಯಾಡ ಅಂತ ಇವ್ರಿಗೂ ಆಣೆ ಹಾಕ್ಸಿದ್ದೆ!"

ಸಾಮಾನಿನ ಕೋಣೆಯ ಮಂಚ! ವೆಂಕಟೇಶಪ್ಪ ತಲೆ ತಗ್ಗಿಸಿದ. ಇದು ಅವನಿಗೂ ಗೊತ್ತಿರಲಿಲ್ಲ. ಚೆನ್ನಮ್ಮ ಎದ್ದು ಹೋಗಿ ತನ್ನ ಭಾಗದ ಬಾಗಿಲು ದಡಾರನೆ ಹಾಕಿಕೊಂಡಳು. ಪಾಪಣ್ಣನಂಥ ಪಾಪಣ್ಣನೇ ಸದ್ದಿಲ್ಲದೆ ಚಪ್ಪಲಿ ಮೆಟ್ಟಿ ಹೊರಟ.

ಎರಡು ದಿನ ಆ ಮನೆಯಲ್ಲಿ ಮಾತಿಲ್ಲ. ಕೊಂಡಮ್ಮ ವ್ಯಾಪಾರಕ್ಕೂ ಹೋಗಲಿಲ್ಲ. ವೆಂಕಟೇಶಪ್ಪ ನೋಡಲು ಹೋದಾಗ, "ಇನ್ನೂ ಇಲ್ಲೇ ಅವ್ರಣ್ಣ. ಆದ್ರೂ ಆಚೆಯಿಂದ ಒಂದು ಲೋಟದ ಸದ್ದೂ ಇಲ್ಲ," ಅಂದಳು. ಅಂಥ ಸದ್ದಿಲ್ಲದ ಮನೆಯಲ್ಲಿ ಒಂಬತ್ತು ವರ್ಷ ಕಳೆದವನು ಅವನು. ಆದರೂ ಅದಕ್ಕೊಂದು ಮದ್ದು ಕಂಡುಕೊಂಡಿರಲಿಲ್ಲ.

ಗಡುವಿನ ಕೊನೆಯ ದಿನ ಅವಳೇ ಅವನ ಕೋಣೆಗೆ ಬಂದು, "ನಡಿಯಣ್ಣ ಆಫೀಸಿಗೆ. ಗೋಡೆನಾದ್ರೂ ಉಳೀಲಿ," ಅಂದಳು.

ಆಫೀಸಿನಲ್ಲಿ ಜನ ತುಂಬಿದ್ದರು. ಅಷ್ಟೂ ಜನರ ಮುಂದೆ ಕೊಂಡಮ್ಮ ತನಗೆ ಬರುವ ಹರಕುಮುರುಕು ತಮಿಳಿನಲ್ಲಿ, ಎರಡು ಅರ್ಜಿಯನ್ನೂ ಬರೆಸಿದ್ದು ತಾನೇ, ಈಗ ಯಾವ ತಕರಾರೂ ಇಲ್ಲ ಅಂತ ಹೇಳಿದಳು. ಯಾರೋ ಕಿಸಕ್ಕೆಂದರು. ಓವರ್‌ಸೀಯರು ಒಂದು ಫಾರಂ ಕೊಟ್ಟ. ವೆಂಕಟೇಶಪ್ಪ ತುಂಬಿಸಲು ಕೂತ. ತಿದ್ದಿದ ನಕ್ಷೆ ಹಿಡಿದು ಬಂದ ರಾಮಾಂಜಿನಪ್ಪ ಬಾಗಿಲಲ್ಲೇ ನಿಂತ. ಅವನ ಹಿಂದೆ ಚೆನ್ನಮ್ಮ ಮುಖ ತಿರುಗಿಸಿಕೊಂಡು ನಿಂತಿದ್ದಳು.

ಹೆಸರು, ಊರು, ಕಸುಬು, ಎಲ್ಲ ಬರೆದಾಯಿತು. ವೆಂಕಟೇಶಪ್ಪನ ಪೆನ್ನು ಒಂದು ಕಡೆ ನಿಂತಿತು.

"ಮನೆ ಮಾಲೀಕರಿಗೆ ಏನಾಗಬೇಕು, ಸಂಬಂಧ ಬರೀಬೇಕು ಅಂತಿದೆ," ಅಂದ.

ಕೊಂಡಮ್ಮ ನೆಲ ನೋಡಿದಳು. "ಏನೂ ಇಲ್ಲ ಅಂತ ಬರ್ಕೊಳಣ್ಣ. ಇನ್ನೇನೈತೆ?"

ಅವನು ಬರೆಯಲಿಲ್ಲ. ಓವರ್‌ಸೀಯರು ಬೇಗ ಆಗಲಿ ಅಂತ ಬೆರಳಲ್ಲಿ ಮೇಜು ತಟ್ಟಿದ.

"ತಾಯಿ ಅಂತ ಬರೀರಿ," ಅಂದಳು ಚೆನ್ನಮ್ಮ ಬಾಗಿಲಿನಿಂದ. ಸಿಟ್ಟು ಇಳಿದಿರಲಿಲ್ಲ. "ಬೇರೆ ಯಾರಾದ್ರೂ ಹಿಂಗೆ ಮಾಡಿದ್ರೆ ಜುಟ್ಟು ಹಿಡ್ದು ಎಳೀತಿರ್ಲಿಲ್ವಾ ನಾನು?"

ವೆಂಕಟೇಶಪ್ಪ ಬರೆದ. ಅಕ್ಷರ ಸ್ವಲ್ಪ ಸೊಟ್ಟಗಾಯಿತು.